ಹಾಲು ಸೋಕದ ಸಾಮಾನು

ಆ ಹುಡುಗಿಯ ಅಜ್ಜಿ ನನಗೆ ಎರಡು ಸಲ ಹೇಳಿದ್ದರು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಏಕೆಂದರೆ ಆಮೇಲೆ ಹಲವು ದಿನ ನಾನು ಅದನ್ನು ಯಾರ ಮುಂದೂ ಒಪ್ಪಿಕೊಳ್ಳಲಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ಧಾರವಾಡದಲ್ಲಿ ಹೆಣ್ಣುಮಕ್ಕಳ ಒಂದು ವಸತಿಗೃಹಕ್ಕೆ ನಾನು ಮೇಲ್ವಿಚಾರಕಿಯಾಗಿದ್ದೆ. ಹಳ್ಳಿಗಳಿಂದ ಬಂದು ಊರಿನ ಸಾಲೆಗಳಲ್ಲಿ ಓದುವ ನಲವತ್ತು ಹುಡುಗಿಯರು, ಅಡುಗೆಗೆ ನಾವು ಬಾಯಿ ಎಂದು ಕರೆಯುತ್ತಿದ್ದ ಒಬ್ಬ ಹೆಂಗಸು, ಉಳಿದದ್ದಕ್ಕೆಲ್ಲ ನಾನು. ಸಂತೆಯಿಂದ ಸಾಮಾನು ತರುವುದು, ದಿನದಿನಕ್ಕೆ ಅಳೆದು ಕೊಡುವುದು, ಉಗ್ರಾಣದ ಕೀಲಿ, ಹುಡುಗಿಯರ ಜ್ವರ ನೆಗಡಿ, ಎಲ್ಲ ನನ್ನ ಕೈಯಲ್ಲಿತ್ತು. ನನಗಾಗ ಇಪ್ಪತ್ತೆಂಟು ವರ್ಷ. ಕೆಲಸವನ್ನು ಚೊಕ್ಕಟವಾಗಿ ಮಾಡುತ್ತೇನೆಂಬ ಹೆಮ್ಮೆ ಇತ್ತು.

ಜೂನ್ ತಿಂಗಳಲ್ಲಿ ಹೆಬ್ಬಳ್ಳಿಯಿಂದ ಅಜ್ಜಿ ಮೊಮ್ಮಗಳನ್ನು ಕರೆದುಕೊಂಡು ಬಂದರು. ಹುಡುಗಿಗೆ ಹನ್ನೊಂದು ವರ್ಷ. ತಾಯಿ ಇಲ್ಲ, ತಂದೆ ರೈಲ್ವೆ ಹಳಿ ರಿಪೇರಿಯ ಗ್ಯಾಂಗಿನಲ್ಲಿ ಎಲ್ಲೋ ದೂರ ಇದ್ದರು. ಊರ ಹೊರಗಿನ ಅವರ ಕೇರಿಯಿಂದ ಮುಂದಿನ ಇಯತ್ತೆ ಓದಲು ಧಾರವಾಡಕ್ಕೆ ಬಂದ ಮೊದಲ ಹುಡುಗಿ ಅವಳು. ಹೆಬ್ಬಳ್ಳಿಯ ಮಾಸ್ತರರು ಅವಳ ಬುದ್ಧಿಯನ್ನು ಹೊಗಳಿ ಚೀಟಿ ಬರೆದು ಕಳಿಸಿದ್ದರು. ಅಜ್ಜಿ ಪಡಸಾಲೆಯ ಮೆಟ್ಟಿಲ ಕೆಳಗೆ ನಿಂತೇ ಮಾತಾಡಿದರು. ಮೇಲೆ ಬರ್ರಿ ಎಂದು ನಾನೂ ಹೇಳಲಿಲ್ಲ.

"ಇಕೀಗೆ ಹಾಲು ಆಗಿಬರಂಗಿಲ್ರಿ ಅಕ್ಕಾರ," ಎಂದರು. "ಒಂದ ಹನಿನೂ ಬ್ಯಾಡ್ರಿ. ಮಸರು, ಮಜ್ಜಿಗಿ, ತುಪ್ಪ, ಯಾವುದೂ ಬ್ಯಾಡ್ರಿ."

ನಾನು ಪ್ರವೇಶದ ಅರ್ಜಿ ತುಂಬುತ್ತಿದ್ದೆ. "ಆತು ತಗೋ, ನೋಡ್ತೀನಿ," ಎಂದೆ. ನನ್ನ ತಾಯಿಗಿಂತ ಹಿರಿಯರಾದವರನ್ನು ನಾನು ಏಕವಚನದಲ್ಲಿ ಮಾತಾಡಿಸಿದ್ದೆ, ಮತ್ತು ಅದು ನನ್ನ ಗಮನಕ್ಕೂ ಬರಲಿಲ್ಲ.

ಗೇಟಿನ ತನಕ ಹೋದವರು ತಿರುಗಿ ಬಂದು ಮತ್ತೆ ಹೇಳಿದರು. "ಹಾಲಿಂದು ಮರೀಬ್ಯಾಡ್ರಿ ಅಕ್ಕಾರ." ಅಷ್ಟರಲ್ಲಿ ಅರ್ಜಿಯಲ್ಲಿ 'ಕಾಯಿಲೆ' ಎಂಬಲ್ಲಿ ನಾನು 'ಇಲ್ಲ' ಎಂದು ಬರೆದಾಗಿತ್ತು. ಮುದ್ದಿನ ಮೊಮ್ಮಗಳು, ಅದು ಬೇಡ ಇದು ಬೇಡ ಎನ್ನುತ್ತಾಳೆ, ಅಜ್ಜಿ ಕುಣಿಯುತ್ತಾಳೆ ಎಂದುಕೊಂಡೆ.

ಆಗ ಪರದೇಶದಿಂದ ಮಕ್ಕಳಿಗೆಂದು ದಾನವಾಗಿ ಹಾಲಿನ ಪುಡಿ ಬರುತ್ತಿತ್ತು. ದಪ್ಪ ರಟ್ಟಿನ ಡ್ರಮ್ಮು, ಅದಕ್ಕೆ ತಗಡಿನ ಮುಚ್ಚಳ. ನಮ್ಮ ವಸತಿಗೃಹಕ್ಕೂ ಪಾಲು ಸಿಗುತ್ತಿತ್ತು. ಬೆಳಿಗ್ಗೆ ಪ್ರಾರ್ಥನೆಯಾದ ಮೇಲೆ ಹುಡುಗಿಯರು ಸಾಲಾಗಿ ನಿಂತು ಒಂದೊಂದು ಲೋಟ ಕುಡಿಯಬೇಕು, ನನ್ನ ಕಣ್ಣೆದುರೇ ಕುಡಿಯಬೇಕು. ಇದು ನಾನು ಮಾಡಿದ ನಿಯಮ. ಆಡಳಿತ ಮಂಡಳಿಯವರು ಬಂದಾಗ ಇದನ್ನು ತೋರಿಸಿ ಹೊಗಳಿಸಿಕೊಂಡಿದ್ದೆ.

ಮೊದಲ ದಿನ ಹುಡುಗಿ, "ನನಗ ಬ್ಯಾಡ್ರಿ ಅಕ್ಕಾರ," ಎಂದಳು. ಎಲ್ಲರೂ ಕುಡಿಯಬೇಕೆಂದೆ. ಆಮೇಲೆ ನಾಲ್ಕು ದಿನ ಅವಳು ಸಾಲಿನ ಕೊನೆಗೆ ಸರಿದು, ನನ್ನ ಕಣ್ಣು ಬೇರೆ ಕಡೆ ಇದ್ದಾಗ ಲೋಟ ಖಾಲಿ ಮಾಡಿ ತಂದಿಡುತ್ತಿದ್ದಳು. ಐದನೆಯ ದಿನ ದಾಸವಾಳದ ಗಿಡದ ಬುಡದಲ್ಲಿ ಬೆಳ್ಳಗೆ ಹೆಪ್ಪುಗಟ್ಟಿದ್ದು ಕಂಡಿತು. ಎಲ್ಲರ ಮುಂದೆ ಅವಳನ್ನು ಕರೆದು ನಿಲ್ಲಿಸಿದೆ.

"ಹಾಲು ಚೆಲ್ಲತೀಯೇನು?" ಎಂದು ಕೇಳಿದೆ. "ನಿಮ್ಮ ಮನ್ಯಾಗ ಹಾಲು ಕಂಡಿಲ್ಲ, ಅದಕ್ಕ ನಿನಗ ರುಚಿ ಹತ್ತವಲ್ಲದು. ನಾಕು ದಿನಾ ಕುಡಿ, ತಾನ ಹತ್ತತದ."

ಸಾಲಿನಲ್ಲಿದ್ದ ಒಬ್ಬಿಬ್ಬರು ನಕ್ಕರು. ಹುಡುಗಿ ನನ್ನ ಮುಖ ನೋಡಿದಳು. ಲೋಟ ತೆಗೆದುಕೊಂಡು ನಡುವೆ ನಿಲ್ಲಿಸದೆ ಪೂರ್ತಿ ಕುಡಿದು, ಉಳಿದ ಲೋಟಗಳ ಪಕ್ಕ ಬೋರಲು ಇಟ್ಟು ಹೋದಳು. ಗೆದ್ದೆ ಎಂದುಕೊಂಡೆ.

ಹತ್ತು ನಿಮಿಷವಾಗಿರಲಿಕ್ಕಿಲ್ಲ. ಹಿರಿಯ ಹುಡುಗಿಯೊಬ್ಬಳು ಓಡಿ ಬಂದು ಕರೆದಳು. ಹೋಗಿ ನೋಡಿದರೆ ಅವಳ ತುಟಿ ಊದಿ ಮುಖವೇ ಬೇರೆಯಾಗಿತ್ತು. ಕತ್ತು, ತೋಳು, ಹೊಟ್ಟೆಯ ಮೇಲೆ ಕೆಂಪು ದದ್ದು. ಗೋಡೆಗೆ ಎರಡೂ ಕೈ ಊರಿ ಉಸಿರು ಎಳೆಯುತ್ತಿದ್ದಳು. ಎಳೆದ ಉಸಿರು ಒಳಗೆ ಹೋಗುವಾಗ ಸಿಳ್ಳಿನಂಥ ಸಪ್ಪಳ ಬರುತ್ತಿತ್ತು. ಅಡುಗೆಯ ಬಾಯಿ ಮತ್ತು ನಾನು ಎತ್ತಿಕೊಂಡು ಬೀದಿಗೆ ಬಂದು ಟಾಂಗಾ ನಿಲ್ಲಿಸಿದೆವು. ದವಾಖಾನೆಯ ತನಕ ಅವಳ ತಲೆ ನನ್ನ ತೊಡೆಯ ಮೇಲಿತ್ತು. ದಾರಿಯಲ್ಲಿ ಒಮ್ಮೆ ಆ ಸಿಳ್ಳಿನ ಸಪ್ಪಳವೂ ನಿಂತಿತು. ಆ ಕ್ಷಣದ ಬಗ್ಗೆ ಹೆಚ್ಚು ಬರೆಯಲಾರೆ.

ಡಾಕ್ಟರಬಾಯಿ ನೋಡಿದ ಕೂಡಲೇ ತೋಳಿಗೆ ಸೂಜಿ ಹಾಕಿದರು. ಸ್ವಲ್ಪ ಹೊತ್ತಿಗೆ ಇನ್ನೊಂದು ಹಾಕಿದರು. ಉಸಿರು ನಿಧಾನವಾಗಿ ದಾರಿ ಹಿಡಿಯಿತು. ಆಮೇಲೆ ಅವರು ಕೈ ತೊಳೆಯುತ್ತಾ ಕೇಳಿದರು, "ಏನು ತಿಂದಿದ್ಲು?"

"ಹಾಲು ಕುಡದಿದ್ಲರಿ ಬಾಯಾರ."

"ಆಕೀ ಮೈಗೆ ಹಾಲು ಒಗ್ಗೂದಿಲ್ಲ. ಅಲರ್ಜಿ ಅಂತಾರ ಇದಕ್ಕ. ಉಳಿದವರಿಗೆ ಅನ್ನ ಇದ್ದಂಗ, ಆಕೀಗೆ ಅದು ವಿಷ. ಹನ್ನೊಂದು ವರ್ಷದ ಹುಡುಗಿ, ಮನಿಯವರಿಗೆ ಗೊತ್ತಿರಲಿಕ್ಕೇ ಬೇಕು. ಅವರು ಏನೂ ಹೇಳಿದ್ದಿಲ್ಲೇನು?"

"ಇಲ್ಲರಿ," ಎಂದೆ. "ಏನೂ ಹೇಳಿದ್ದಿಲ್ಲ."

ಹುಡುಗಿ ಪಕ್ಕದ ಮಂಚದ ಮೇಲೆ ಕಣ್ಣು ತೆರೆದು ಮಲಗಿದ್ದಳು. ನಾನು ಅವಳ ಕಡೆ ನೋಡಲಿಲ್ಲ.

ಅದೇ ಸುಳ್ಳನ್ನು ಮರುದಿನ ಮಂಡಳಿಯ ಕಾರ್ಯದರ್ಶಿಗಳ ಮುಂದೆಯೂ ಹೇಳಿದೆ. ಅವರು ವಕೀಲರು. ಎರಡನೆಯ ಸಲ ಹೇಳುವುದು ಸುಲಭವಾಗಿತ್ತು. ಆದರೆ ಅದರಿಂದ ಏನಾಗಬಹುದೆಂದು ಯೋಚಿಸಿರಲಿಲ್ಲ.

"ಅಂದ್ರ ರೋಗ ಮುಚ್ಚಿಟ್ಟು ತಂದು ಬಿಟ್ಟಾರ," ಎಂದರು ವಕೀಲರು. "ನಲವತ್ತು ಹುಡಿಗ್ಯಾರಿಗೆ ಒಂದ ಅಡಿಗಿ ಮನಿ. ಒಬ್ಬಾಕಿ ಸಲುವಾಗಿ ಬ್ಯಾರೆ ಒಲಿ ಹೂಡ್ಲಿಕ್ಕೆ ಆಗೂದಿಲ್ಲ. ಊರಿಗೆ ಕಳಿಸಿಬಿಡ್ರಿ."

ನನ್ನ ಸುಳ್ಳು ನನ್ನನ್ನು ಉಳಿಸಿ ಅವಳನ್ನು ಹೊರಗೆ ಹಾಕುತ್ತಿತ್ತು. ಆಗಲೇ ನಿಜ ಹೇಳಬಹುದಿತ್ತು, ಹೇಳಲಿಲ್ಲ. ಅದರ ಬದಲು ಒಂದು ತಿಂಗಳ ಅವಕಾಶ ಬೇಡಿದೆ. ಅವಳ ಊಟದ ಹೊಣೆ ನನ್ನದು, ಬೇರೆ ಒಲೆ ಬೇಡ, ಹಾಲು ಸೋಕದ ಸಾಮಾನು ನಾನೇ ಆರಿಸಿ ತರುತ್ತೇನೆ ಎಂದೆ. ವಕೀಲರು ಒಪ್ಪಿದರು. "ಆದರ ಇನ್ನೊಮ್ಮೆ ದವಾಖಾನಿಗೆ ಹೋಗೂ ಹಂಗಾತಂದ್ರ ಆಕಿ ಇರೂದಿಲ್ಲ. ತಿಂಗಳ ಕಡೀಗೆ ಆಕೀ ಮನಿಯವರನ್ನ ಮಂಡಳಿ ಮುಂದ ಕರಸ್ರಿ."

ಹಾಗೆ ನನ್ನ ಆ ತಿಂಗಳು ಶುರುವಾಯಿತು.

ಡಾಕ್ಟರಬಾಯಿ ಚೀಟಿಯಲ್ಲಿ ಬರೆದುಕೊಟ್ಟಿದ್ದರು: ಹಾಲು, ಕೆನೆ, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ, ಖೋವಾ, ಮತ್ತು ಇವು ಬೆರೆತ ಯಾವುದೂ ಕೂಡದು. ಆಕಳದ್ದಾಗಲಿ ಎಮ್ಮೆಯದಾಗಲಿ ಒಂದೇ. ಮೊದಲ ಸಾಲು ಓದಿದಾಗ ಸುಲಭವೆನಿಸಿತು. ಅಡುಗೆಯ ಬಾಯಿಗೆ ಹೇಳಿ ಅವಳ ತಾಟು, ಲೋಟ, ಸೌಟು ಬೇರೆ ಮಾಡಿಸಿದೆ. ಒಗ್ಗರಣೆಗೆ ಶೇಂಗಾ ಎಣ್ಣೆ ಮಾತ್ರ. ಹಾಲು ಮುಟ್ಟಿದ ಕೈಯನ್ನು ಸೀಗೇಪುಡಿ ಹಚ್ಚಿ ತೊಳೆಯಬೇಕೆಂದಾಗ ಬಾಯಿ ಗೊಣಗಿದರು, ಆದರೆ ಮಾಡಿದರು. ತೊಂದರೆ ಬಂದದ್ದು ಕೊನೆಯ ಸಾಲಿನಿಂದ, 'ಬೆರೆತ ಯಾವುದೂ' ಎಂಬುದರಿಂದ.

ಹುಡುಗಿಯರಿಗೆ ಸಂಜೆ ಚಹಾದೊಡನೆ ಟೋಸ್ಟ್ ಕೊಡುತ್ತಿದ್ದೆವು. ಹುಬ್ಬಳ್ಳಿಯ ಕೇಶ್ವಾಪುರದ ಒಂದು ಬೇಕರಿಯಿಂದ ಹದಿನೈದು ದಿನಕ್ಕೊಮ್ಮೆ ನಾನೇ ಹೋಗಿ ಡಬ್ಬಿಗಳಲ್ಲಿ ತುಂಬಿಸಿ ತರುತ್ತಿದ್ದೆ. ಆ ಸಲ ಹೋದಾಗ ಮಾಲೀಕರನ್ನು ಕೇಳಿದೆ, "ಇದರಾಗ ಹಾಲು ಹಾಕ್ತೀರೇನ್ರಿ?"

"ಇಲ್ಲರಿ ಅಕ್ಕಾರ. ನಾವು ಹಾಲು ತರಸೂದ ಇಲ್ಲ," ಎಂದರು.

ನೆಮ್ಮದಿಯಿಂದ ತಂದೆ. ಹುಡುಗಿ ಕರೀ ಚಹಾದಲ್ಲಿ ಅದ್ದಿ ಅರ್ಧ ತಿನ್ನುವಷ್ಟರಲ್ಲಿ ಬಾಯಿ ಸುತ್ತ ದದ್ದು ಎದ್ದಿತು. ತಟ್ಟೆಯನ್ನು ದೂರ ಸರಿಸಿ ನನ್ನ ಕಡೆ ನೋಡಿದಳು. ಡಾಕ್ಟರಬಾಯಿ ಕೊಟ್ಟಿದ್ದ ಗುಳಿಗೆ ನುಂಗಿಸಿ ಎರಡು ತಾಸು ಅವಳ ಪಕ್ಕ ಕೂತು ಉಸಿರು ಎಣಿಸಿದೆ. ಅಷ್ಟಕ್ಕೇ ಇಳಿಯಿತು.

ಮರುದಿನವೇ ಕೇಶ್ವಾಪುರಕ್ಕೆ ಹೋದೆ. ಹಿಂದುಗಡೆ ಹಿಟ್ಟು ನಾದುವ ಜಾಗ ನೋಡಬೇಕೆಂದೆ. ಮಾಲೀಕರು ಬೇಸರಿಸದೆ ಕರೆದುಕೊಂಡು ಹೋದರು. ನಾದುವ ದೋಣಿಯ ಪಕ್ಕ ಒಂದು ಚೀಲ ಬಾಯಿ ತೆರೆದಿತ್ತು.

"ಇದೇನ್ರಿ?"

"ಹಾಲಿನ ಪುಡಿರಿ. ಟೋಸ್ಟಿಗೆ ಕೆಂಪ ಬಣ್ಣ ಬರಬೇಕಲ್ರಿ."

"ಹಾಲಿಲ್ಲ ಅಂದಿದ್ರಿ."

"ಹಾಲೆಲ್ಲಿ ಹಾಕೇವ್ರಿ ಅಕ್ಕಾರ? ಪುಡಿ ಹಾಕೇವಿ."

ಅವರು ಸುಳ್ಳು ಹೇಳಿರಲಿಲ್ಲ. ಹಾಲೆಂದರೆ ಚರಿಗೆಯಲ್ಲಿ ಬರುವ ಹಾಲು. ಪುಡಿ ಬೇರೆ, ತುಪ್ಪ ಬೇರೆ, ಖೋವಾ ಬೇರೆ. ನಾನು ಕೇಳಿದ್ದೇ ತಪ್ಪಾಗಿತ್ತು. ಆಮೇಲೆ ಎಲ್ಲ ಅಂಗಡಿಗಳಲ್ಲಿ ಇದನ್ನೇ ಕಂಡೆ. ಹಾಲು ಇದೆಯೇ ಎಂದರೆ ಗಿರಾಕಿಗೆ ಏನು ಬೇಕೋ ಅದನ್ನು ಹೇಳುತ್ತಾರೆ. ಬೇಕು ಎನ್ನುವ ಧ್ವನಿಯಲ್ಲಿ ಕೇಳಿದರೆ 'ಭರಪೂರ ಅದರಿ', ಬೇಡ ಎನ್ನುವ ಧ್ವನಿಯಲ್ಲಿ ಕೇಳಿದರೆ 'ಹನಿ ಸೈತ ಇಲ್ಲರಿ'. ಬಿಸ್ಕೀಟಿನ ಡಬ್ಬಿಗಳ ಮೇಲೆ ಒಳಗೇನಿದೆಯೆಂದು ಬರೆದಿರುತ್ತಿರಲಿಲ್ಲ. ಹಾಗಾಗಿ ಕೇಳುವ ರೀತಿ ಬದಲಿಸಿದೆ. ಇದನ್ನು ಮಾಡುವವರು ಯಾರು, ಮೊದಲು ಏನು ಹಾಕುತ್ತಾರೆ, ಆಮೇಲೆ ಏನು, ಕೈಗೆ ಏನು ಸವರಿಕೊಂಡು ಉಂಡೆ ಕಟ್ಟುತ್ತಾರೆ ಎಂದು ಅಡುಗೆ ಕಲಿಯಲು ಬಂದವಳ ಹಾಗೆ ಕೇಳತೊಡಗಿದೆ. ಶೇಂಗಾ ಉಂಡೆಗೆ ತುಪ್ಪದ ಕೈ ಎಂಬುದು ಹಾಗೆ ತಿಳಿಯಿತು. ಅವಲಕ್ಕಿ ಚೂಡಾವನ್ನು ಖೋವಾ ತೂಗಿದ ತಕ್ಕಡಿಯಲ್ಲೇ ತೂಗುವುದನ್ನು ಕಣ್ಣಾರೆ ಕಂಡೆ. ತುಪ್ಪದ ಬದಲು ಬಳಸುವ ವನಸ್ಪತಿಯಲ್ಲಿ ಹಾಲಿಲ್ಲ, ಆದರೆ ಬಿಡಿಯಾಗಿ ಕೊಡುವ ಅಂಗಡಿಯಲ್ಲಿ ತುಪ್ಪದ ಸೌಟೇ ಅದಕ್ಕೂ ಇಳಿಯುತ್ತಿತ್ತು. ಒಂದೊಂದನ್ನೇ ಸಂತೆಯ ಸಾಮಾನಿನ ಚೀಟಿಯಿಂದ ಹೊಡೆದುಹಾಕಿದೆ.

ಇಷ್ಟೆಲ್ಲ ಮಾಡಿದರೂ ಮೂರು ನಾಲ್ಕು ದಿನಕ್ಕೊಮ್ಮೆ ಅವಳ ತುಟಿ ಊದುತ್ತಿತ್ತು, ಹೊಟ್ಟೆ ನೋಯುತ್ತಿತ್ತು. ದೊಡ್ಡದಾಗಿ ಅಲ್ಲ. ಆದರೆ ಒಂದು ದಿನ ದೊಡ್ಡದಾಗುತ್ತದೆಂದು ಡಾಕ್ಟರಬಾಯಿ ಎಚ್ಚರಿಸಿದ್ದರು. ಅವಳು ಊಟಕ್ಕೆ ಏನೇನು ತಿಂದಳೆಂದು ಒಂದು ವಹಿಯಲ್ಲಿ ಬರೆಯತೊಡಗಿದೆ. ಅನ್ನ, ಸಾರು, ಜೋಳದ ರೊಟ್ಟಿ, ಪಲ್ಯ, ಚಟ್ನಿ. ಚೆನ್ನಾಗಿದ್ದ ದಿನವೂ ಅದೇ, ಕೆಟ್ಟ ದಿನವೂ ಅದೇ. ಅಡುಗೆಯ ಬಾಯಿಯ ಮೇಲೆ ಸಂಶಯಪಟ್ಟು ಒಮ್ಮೆ ಕೆಟ್ಟದಾಗಿ ಮಾತಾಡಿದೆ. ಅವರು ಎರಡು ದಿನ ನನ್ನೊಡನೆ ಮಾತು ಬಿಟ್ಟರು. ಅದೂ ನನ್ನ ತಪ್ಪೇ.

ನಮಗೆ ಎಮ್ಮೆಯ ಹಾಲು ಹಾಕುತ್ತಿದ್ದ ಗೌಳಿ ಕೆಲಗೇರಿಯವರು. ಹುಡುಗಿಯ ಸಂಗತಿ ಅವರ ಕಿವಿಗೂ ಬಿದ್ದಿತ್ತು. "ಆಡಿನ ಹಾಲು ಕೊಟ್ಟು ನೋಡ್ರಿ ಅಕ್ಕಾರ. ಅದು ಔಷಧ ಇದ್ದಂಗ. ನಾಕು ದಿನದಾಗ ಮೈ ಹಿಡೀತೈತಿ," ಎಂದು ಒಂದು ಸಣ್ಣ ಬಾಟಲಿಯಲ್ಲಿ ತಂದುಕೊಟ್ಟರು. ನಾನು ಸೋತಿದ್ದೆ. ಆಡಿನ ಹಾಲಿನ ಮಾತು ಡಾಕ್ಟರಬಾಯಿಯ ಚೀಟಿಯಲ್ಲಿ ಇರಲಿಲ್ಲ ಎಂದು ನನಗೆ ನಾನೇ ವಾದ ಮಾಡಿಕೊಂಡೆ. ಒಂದು ಚಮಚ ತೆಗೆದುಕೊಂಡು ಹುಡುಗಿಯನ್ನು ಕರೆದೆ.

ಅವಳು ಬಾಟಲಿ ನೋಡಿದಳು. ಅದೇನೆಂದು ಅವಳಿಗೆ ಗೊತ್ತಾಯಿತು. ಬೇಡ ಎನ್ನಲಿಲ್ಲ. ಅಳಲಿಲ್ಲ. ಎರಡೂ ಅಂಗೈ ಜೋಡಿಸಿ ಮುಂದೆ ಚಾಚಿದಳು.

"ಕುಡೀತೀಯೇನು?" ಎಂದೆ.

"ನೀವು ಕುಡಿ ಅಂದ್ರ ಕುಡೀತೇನ್ರಿ," ಎಂದಳು. "ನನ್ನನ್ನ ಊರಿಗೆ ಕಳಸಬ್ಯಾಡ್ರಿ."

ಚಮಚ ಕೆಳಗಿಟ್ಟೆ. ಬಾಟಲಿಯನ್ನು ಹಿತ್ತಲಿಗೆ ಒಯ್ದು ಮೋರಿಗೆ ಸುರಿದೆ. ಊರಿಗೆ ಕಳಿಸಬಹುದೆಂಬ ವಕೀಲರ ಮಾತನ್ನು ಅವಳಿಗೆ ಯಾರೋ ಹೇಳಿದ್ದರು. ನಾನು ಕೊಟ್ಟದ್ದನ್ನು ವಿಷವೆಂದು ತಿಳಿದೂ ಕುಡಿಯುವ ಸ್ಥಿತಿಗೆ ಅವಳನ್ನು ತಂದು ನಿಲ್ಲಿಸಿದವಳು ನಾನು.

ಅಂದು ಮಧ್ಯಾಹ್ನ ಉಗ್ರಾಣದ ಸಾಮಾನನ್ನೆಲ್ಲ ಪಡಸಾಲೆಗೆ ಹಾಕಿಸಿದೆ. ಚೀಲ, ಡಬ್ಬಿ, ಗಡಿಗೆ, ಒಂದೂ ಬಿಡಲಿಲ್ಲ. ಜೋಳದ ಹಿಟ್ಟಿನ ಮುಂದೆ ಕೈ ನಿಂತಿತು. ಗಿರಣಿಯಿಂದ ಬಂದ ಹಿಟ್ಟನ್ನು ಎರಡು ಕಡೆ ತುಂಬುತ್ತಿದ್ದೆವು. ಒಂದು ಹಳೆಯ ತಗಡಿನ ಡಬ್ಬಿ. ಇನ್ನೊಂದು ದಾನದ ಹಾಲಿನ ಪುಡಿ ಖಾಲಿಯಾದ ಮೇಲೆ ಉಳಿದ ಡ್ರಮ್ಮು. ಇರುವೆ ಹೋಗದಂಥ ಗಟ್ಟಿ ಮುಚ್ಚಳವೆಂದು ನಾನೇ ಅದನ್ನು ಇಟ್ಟುಕೊಂಡಿದ್ದೆ. ಹಿಟ್ಟು ತೆಗೆಸಿ, ಬೆರಳು ಒದ್ದೆ ಮಾಡಿ ಡ್ರಮ್ಮಿನ ತಳದ ಅಂಚಿನ ಸಂದಿಯಲ್ಲಿ ಸವರಿದೆ. ಬೆಳ್ಳಗೆ ಅಂಟು ಹತ್ತಿತು. ನಾಲಿಗೆಗೆ ಇಟ್ಟರೆ ಸಿಹಿ. ವಹಿಯನ್ನು ತಂದು ಅಡುಗೆಯ ಬಾಯಿಯನ್ನು ಕೂರಿಸಿಕೊಂಡು ಯಾವ ದಿನ ಯಾವುದರಿಂದ ಹಿಟ್ಟು ತೆಗೆದಿದ್ದರೆಂದು ನೆನಪಿಸಿಕೊಂಡು ಹೊಂದಿಸಿದೆವು. ಊದಿದ ದಿನಗಳೆಲ್ಲ ಡ್ರಮ್ಮಿನ ಹಿಟ್ಟಿನ ದಿನಗಳು. ಬಾಯಿಯ ಕೈ ಹಿಡಿದು ತಪ್ಪಾಯಿತೆಂದೆ. "ಇರಲಿ ಬಿಡ್ರಿ," ಎಂದರು ಅವರು, ಮುಖ ಬೇರೆ ಕಡೆ ಮಾಡಿ.

ಡ್ರಮ್ಮು ಹೋಯಿತು. ಮುಂದಿನ ಒಂಬತ್ತು ದಿನ ಹುಡುಗಿಗೆ ಏನೂ ಆಗಲಿಲ್ಲ.

ತಿಂಗಳ ಕೊನೆಗೆ ಮಂಡಳಿ ಸೇರಿತು. ವಕೀಲರು, ಇನ್ನಿಬ್ಬರು ಗಂಡಸರು, ಒಬ್ಬ ಮಹಿಳಾ ಸದಸ್ಯೆ. ನನ್ನ ವಹಿ ತಿರುವಿ ನೋಡಿ ವಕೀಲರು ಖುಷಿಪಟ್ಟರು. "ಭಾಳ ಛಲೋ ಕೆಲಸ ಮಾಡೀರಿ," ಎಂದರು. ಹುಡುಗಿ ಇರಬಹುದು, ಆದರೆ ಒಂದು ಕಾಗದ ಆಗಬೇಕು ಎಂದರು. ಹೆಬ್ಬಳ್ಳಿಯಿಂದ ಬಂದ ಅಜ್ಜಿ ಬಾಗಿಲ ಬಳಿ ನಿಂತಿದ್ದರು. ವಕೀಲರು ಕಾಗದ ಓದಿ ಹೇಳಿದರು. ಹುಡುಗಿಯ ಕಾಯಿಲೆಯನ್ನು ನಾವು ಮುಚ್ಚಿಟ್ಟು ಸೇರಿಸಿದ್ದು ನಿಜ, ಮುಂದೆ ಏನಾದರೂ ಆದರೆ ಸಂಸ್ಥೆಗೆ ಸಂಬಂಧವಿಲ್ಲ, ಎಂದು ಅದರಲ್ಲಿತ್ತು.

"ನೀವು ಮುಚ್ಚಿಟ್ಟದ್ದು ತಪ್ಪು ಹೌದೋ ಅಲ್ಲೋ?" ಎಂದರು ವಕೀಲರು.

ಅಜ್ಜಿ ನೆಲ ನೋಡುತ್ತಾ, "ಹೇಳಿದ್ದೆನ್ರಿ," ಎಂದರು.

"ಯಾರ ಮುಂದ ಹೇಳಿದ್ರಿ?"

ಅಜ್ಜಿ ತಲೆ ಎತ್ತಿ ನನ್ನನ್ನು ನೋಡಿದರು. ಅರೆಗಳಿಗೆ, ಅಷ್ಟೇ. ಆ ಕಣ್ಣಲ್ಲಿ ದೂರು ಇರಲಿಲ್ಲ, ಲೆಕ್ಕ ಹಾಕುವ ನೋಟ ಇತ್ತು. ಆಮೇಲೆ ವಕೀಲರ ಕಡೆ ತಿರುಗಿ ಹೇಳಿದರು, "ನೆನಪಿಲ್ರಿ ಸಾಹೇಬ್ರ. ವಯಸ್ಸಾತು. ಹೇಳೇ ಇಲ್ಲೇನೊ. ಎಲ್ಲಿ ಒತ್ತಬೇಕ್ರಿ?"

ಮಸಿಯ ಪಟ್ಟಿಯ ಮೇಲೆ ಹೆಬ್ಬೆರಳು ಒತ್ತಿ ಕಾಗದದ ಕಡೆ ಬಂದರು.

"ಒತ್ತಬ್ಯಾಡ್ರಿ," ಎಂದೆ. "ಅವರು ನನ್ನ ಮುಂದ ಹೇಳಿದ್ರು. ಒಂದಲ್ಲ, ಎರಡು ಸಲ ಹೇಳಿದ್ರು. ಗೇಟಿನಿಂದ ತಿರುಗಿ ಬಂದು ಹೇಳಿದ್ರು. ನಾನ ಕಿವಿಗೆ ಹಾಕ್ಕೊಳ್ಳಲಿಲ್ಲ. ಹುಡುಗಿ ತಾನೂ ಬ್ಯಾಡ ಅಂದ್ಲು. ನಾನ ನಿಂತು ಕುಡಿಸಿದೆ. ಆಮ್ಯಾಲ ಡಾಕ್ಟರ ಮುಂದ, ನಿಮ್ಮ ಮುಂದ ಸುಳ್ಳು ಹೇಳಿದೆ."

ಮಹಿಳಾ ಸದಸ್ಯೆ ವಹಿಯನ್ನು ಮುಚ್ಚಿದರು. ವಕೀಲರು ಕಾಗದವನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು, "ನೀವು ಹೊರಗ ಕೂಡ್ರಿ," ಎಂದರು. ನನಗೆ ಅಂದರೋ ಅಜ್ಜಿಗೆ ಅಂದರೋ ತಿಳಿಯದೆ ಇಬ್ಬರೂ ಹೊರಗೆ ಬಂದೆವು.

ಬೇವಿನ ಕಟ್ಟೆಯ ಮೇಲೆ ಕೂತೆವು. ಅಜ್ಜಿ ಹೆಬ್ಬೆರಳ ಮಸಿಯನ್ನು ಮಣ್ಣಿಗೆ ಉಜ್ಜಿ ಒರೆಸಿಕೊಳ್ಳುತ್ತಿದ್ದರು. ನೆನಪಿಲ್ಲವೆಂದು ಏಕೆ ಹೇಳಿದಿರಿ ಎಂದು ಕೇಳಿದೆ.

"ಆಕಿ ಇಲ್ಲೇ ಓದಬೇಕಲ್ರಿ ಅಕ್ಕಾರ," ಎಂದರು. "ನಾ ನಿಮ್ಮನ್ನ ಸುಳ್ಳುಗಾರ್ತಿ ಮಾಡಿ ಊರಿಗೆ ಹೋಗತಿದ್ದೆ. ನಾಳಿಂದ ಆಕೀ ತಾಟಿಗೆ ನೀಡಾಕಿ ನೀವ ಅಲ್ಲೇನ್ರಿ?"

ಕ್ಷಮೆ ಕೇಳಿದೆ. ಅವರು ಬೇರೆ ಮಾತು ತೆಗೆದರು. "ಮನ್ಯಾಗ ಎಮ್ಮಿ ಇತ್ರಿ. ಆಕೀ ತಾಯಿ ತಂದಿದ್ಲು, ತವರಿನಿಂದ. ಹಿಂಡಿದ ಕೈಲೆ ಕೂಸಿನ ಮಾರಿ ಒರಸಿದ್ರೂ ದದ್ದು ಏಳತಿದ್ವು. ಮೂರು ವರ್ಷದಾಕಿ ಇದ್ದಾಗ ಮಾರಿದ್ವಿ. ಭಾಳ ಛಲೋ ಎಮ್ಮಿ."

ಅವರ ಮನೆಯಲ್ಲಿ ಹಾಲು ಕಂಡಿಲ್ಲ ಎಂದು ನಲವತ್ತು ಹುಡುಗಿಯರ ಮುಂದೆ ಅಂದಿದ್ದೆ. ಆ ಮಾತನ್ನು ಮಂಡಳಿಯ ಮುಂದೆ ಹೇಳಿರಲಿಲ್ಲ, ಅಜ್ಜಿಗೂ ಹೇಳಲು ಬಾಯಿ ಬರಲಿಲ್ಲ.

ಸ್ವಲ್ಪ ಹೊತ್ತಿಗೆ ಒಳಗೆ ಕರೆದು ತೀರ್ಮಾನ ತಿಳಿಸಿದರು. ಹುಡುಗಿ ಇರುತ್ತಾಳೆ, ಯಾವ ಕಾಗದವೂ ಬೇಡ. ನನಗೆ ಲಿಖಿತ ಎಚ್ಚರಿಕೆ. ಉಗ್ರಾಣದ ಕೀಲಿ ಒಂದು ವರ್ಷ ಮಹಿಳಾ ಸದಸ್ಯೆಯ ಬಳಿ ಇರತಕ್ಕದ್ದು. ಪ್ರತಿದಿನ ಬೆಳಿಗ್ಗೆ ಅವರ ಮನೆಗೆ ಹೋಗಿ ಕೀಲಿ ಕೇಳಿ ತರಬೇಕಾಯಿತು. ಅವರು ಒಂದು ದಿನವೂ ಕಟುವಾಗಿ ಮಾತಾಡಲಿಲ್ಲ. ಅದು ಇನ್ನಷ್ಟು ಕಷ್ಟವಾಗಿತ್ತು.

ಅಂದು ಸಂತೆಯ ದಿನ. ಅಜ್ಜಿ ಊರಿಗೆ ಹೊರಡುವ ಮೊದಲು, ನನ್ನ ಜೊತೆ ಸಂತೆಗೆ ಬರ್ರಿ, ನಾನೇನು ಕೊಳ್ಳುತ್ತೇನೆ ನೋಡ್ರಿ ಎಂದು ಕರೆದೆ. ನಾನು ಕಂಡುಹಿಡಿದದ್ದನ್ನು ಅವರಿಗೆ ತೋರಿಸಬೇಕೆಂಬ ಆಸೆ ಇನ್ನೂ ಇತ್ತು, ಅಷ್ಟಾದ ಮೇಲೂ. ಮಸಾಲೆಯ ಅಂಗಡಿಯಲ್ಲಿ ನಾನು ಖಾರದ ಪುಡಿ ಯಾರು ಕುಟ್ಟುತ್ತಾರೆ, ಯಾವ ಡಬ್ಬಿಯಲ್ಲಿ ಇಡುತ್ತಾರೆ ಎಂದು ಕೇಳುತ್ತಿದ್ದರೆ ಅವರು ಸೆರಗು ಹಿಡಿದು ಮೆಲ್ಲಗೆ ಜಗ್ಗಿದರು.

"ಪುಡಿ ಯಾಕ ತಗೊಂತೀರಿ? ಮೆಣಸಿನಕಾಯಿ ತಗೋರಿ. ಒಡದದ್ದು, ಬೀಸಿದ್ದು, ಕುಟ್ಟಿದ್ದು ತಗೋಬ್ಯಾಡ್ರಿ. ಇಡೀದು ತಗೋರಿ. ತೊಳೀರಿ, ಒಣಗಸ್ರಿ, ಮನ್ಯಾಗ ಬೀಸ್ರಿ. ಮಂದಿ ಬಳಸಿದ ಡಬ್ಬಿ ತರಬ್ಯಾಡ್ರಿ. ಮಣ್ಣಿನ ಗಡಿಗಿ ಬೆಂಕ್ಯಾಗ ಸುಟ್ಟು ತಗೋರಿ."

ಒಂದು ತಿಂಗಳು ಹುಬ್ಬಳ್ಳಿ ಧಾರವಾಡ ತಿರುಗಿ, ಆ ಹುಡುಗಿಯ ಮೈಮೇಲೆ ಪ್ರಯೋಗ ಮಾಡಿ ನಾನು ಕಲಿತದ್ದು ಅವರಿಗೆ ಎಂಟು ವರ್ಷದಿಂದ ಗೊತ್ತಿತ್ತು. ಹೆಬ್ಬಳ್ಳಿ ದೂರವೇನಲ್ಲ. ಒಂದು ದಿನ ಹೋಗಿ ಕೇಳಿದ್ದರೆ ಆಗುತ್ತಿತ್ತು. ಹೋಗಿದ್ದರೆ ನನ್ನ ಸುಳ್ಳು ಅವರ ಮುಂದೆ ನಿಲ್ಲುತ್ತಿರಲಿಲ್ಲ, ಅದಕ್ಕೇ ಹೋಗಲಿಲ್ಲ.

"ಇಷ್ಟೆಲ್ಲಾ ಅಂಗಡಿಯವರನ್ನ ಕೇಳಿ ಕಲತ್ರೇನು?" ಎಂದೆ.

"ನಾವು ಕೇಳಿದ್ರ ಅವರೆಲ್ಲಿ ಹೇಳ್ತಾರ್ರಿ? ಡಬ್ಬಿ ಮುಟ್ಟಿ ನೋಡಾಕ ಬಿಡತಿದ್ದಿಲ್ಲ. ಅದಕ್ಕ ಕೇಳೂದ ಬಿಟ್ಟೆ. ಕಣ್ಣಿಗೆ ಕಾಣೂ ಅಂಥಾದ್ದು ಅಷ್ಟ ತಗೊಂತಿದ್ದೆ."

ಹುಡುಗಿ ಆರು ವರ್ಷ ನಮ್ಮಲ್ಲಿ ಇದ್ದಳು. ಎರಡು ಸಲ ಸಣ್ಣಗೆ ದದ್ದು ಎದ್ದವು, ಅಷ್ಟೇ. ಹದಿಮೂರು ತುಂಬುವಷ್ಟರಲ್ಲಿ ತನ್ನ ಸಾಮಾನು ತಾನೇ ಆರಿಸುತ್ತಿದ್ದಳು. ನನ್ನೊಡನೆ ಮರ್ಯಾದೆಯಿಂದ ಇರುತ್ತಿದ್ದಳು, ಬೇಕಾದಷ್ಟೇ ಮಾತಾಡುತ್ತಿದ್ದಳು.

ಮ್ಯಾಟ್ರಿಕ್ ಪಾಸಾದ ವರ್ಷ ಶಿಕ್ಷಕಿಯರ ತರಬೇತಿಗೆ ಸೇರಲು ಅರ್ಜಿ ಕೊಡಬೇಕಿತ್ತು. ಹುಬ್ಬಳ್ಳಿಗೆ ಅವಳನ್ನು ನಾನೇ ಕರೆದುಕೊಂಡು ಹೋದೆ. ಕೆಲಸ ಮುಗಿದ ಮೇಲೆ ಕೇಶ್ವಾಪುರದಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ಇನ್ನು ಸಂದರ್ಭ ಸಿಗಲಾರದೆನಿಸಿತು. "ನಿನ್ನ ಮುಂದ ಒಂದು ಮಾತು ಹೇಳೂದದ," ಎಂದೆ. "ಆವತ್ತು ನಿನಗ ಹಾಲು ಕುಡಿಸಿದೆ. ನೀ ಆಗಲೇ ಬ್ಯಾಡ ಅಂದಿದ್ದಿ. ಒತ್ತಾಯ ಮಾಡಿದ್ದು ನನ್ನದ ತಪ್ಪು. ನನ್ನ ಅಂಜಿಕಿಗೆ ನೀ ಕುಡದಿ."

ಬಸ್ಸಿನ ದಾರಿ ನೋಡುತ್ತಿದ್ದವಳು ನನ್ನ ಕಡೆ ತಿರುಗಿದಳು.

"ಅಂಜಿಕಿಗೆ ಅಲ್ರಿ ಅಕ್ಕಾರ," ಎಂದಳು. "ನೀವು ಬೈದಿದ್ರ ನಾ ಕುಡೀತಿದ್ದಿಲ್ಲ. ಹೊಡದಿದ್ರೂ ಕುಡೀತಿದ್ದಿಲ್ಲ. ಅದು ಕುಡದ್ರ ಏನಾಕ್ಕೈತಿ ಅಂತ ನನಗ ಗೊತ್ತಿತ್ತು. ನಿಮ್ಮ ಮನ್ಯಾಗ ಹಾಲು ಕಂಡಿಲ್ಲ ಅಂದ್ರಲ್ರಿ, ಎಲ್ಲಾರೂ ನಕ್ರು. ಅದಕ್ಕ ಕುಡದೆ."

ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದದ್ದನ್ನು ಹೇಳಿದಳು. ಆರು ವರ್ಷ ನಾನು ಒಂದು ತಪ್ಪನ್ನು ತೂಗುತ್ತಾ ಬಂದಿದ್ದೆ, ಅವಳನ್ನು ಸಾವಿನ ಬಾಗಿಲಿಗೆ ಒಯ್ದದ್ದು ಇನ್ನೊಂದು.

ಧಾರವಾಡದ ಬಸ್ಸು ಬಂತು. ಜನ ತುಂಬಿದ್ದರು. ಅವಳು ಮುಂದೆ ಹತ್ತಿ ಒಂದು ಸೀಟು ಹಿಡಿದು,

"ಅಕ್ಕಾರ, ಬರ್ರಿ, ಇಲ್ಲಿ ಕೂಡ್ರಿ," ಎಂದು ಕರೆದಳು.

ನಾನು ಕೂತೆ. ಅವಳು ಧಾರವಾಡ ಮುಟ್ಟುವ ತನಕ ಪಕ್ಕದಲ್ಲಿ ನಿಂತೇ ಬಂದಳು.